ಒಂದು ಚೀಲದ ಫರಕು

ಬ್ಯಾಡಗಿಯಲ್ಲಿ ಎರಡು ವಿಷಯಗಳ ಬಗ್ಗೆ ಯಾರೂ ವಾದ ಹೂಡುತ್ತಿರಲಿಲ್ಲ. ಒಂದು, ಊರ ಮೆಣಸಿನಕಾಯಿಯ ಬಣ್ಣ. ಇನ್ನೊಂದು, ವಿಜಯಮಹಾಂತೇಶನ ಕೋಲ್ಡ್ ಸ್ಟೋರೇಜಿನಲ್ಲಿ ಹಮಾಲರ ಹಿರಿಯ ಮಲ್ಲಿಕಸಾಬನ ಎಣಿಕೆ. ವಿಜಯಮಹಾಂತೇಶನ ತಂದೆಯ ಕಾಲದಲ್ಲಿ ಅದು ಬರೀ ತಗಡಿನ ಗೋದಾಮು. ಆಗಿನಿಂದಲೂ, ಅಂದರೆ ಮೂವತ್ತೊಂದು ವರ್ಷದಿಂದ, ಒಳಗೆ ಹೋಗುವ ಪ್ರತಿ ಚೀಲವನ್ನೂ ಮಲ್ಲಿಕಸಾಬನೇ ಕೂಗಿ ಎಣಿಸುತ್ತಿದ್ದ. ಮೊದಲನೆಯದಕ್ಕೆ ‘ಒಂದು’ ಅನ್ನುವ ಹಾಗಿಲ್ಲ, ಅದು ಬರಗೆಟ್ಟವರ ಎಣಿಕೆ. ‘ಲಾಭ’ ಅನ್ನಬೇಕು. ಲಾಭ, ಎರಡು, ಮೂರು ಎಂದು ಶುರುವಾದ ಆ ಕೂಗು ಸಂಜೆಯ ಹೊತ್ತಿಗೆ ಆರುನೂರೋ ಏಳುನೂರೋ ಮುಟ್ಟುತ್ತಿತ್ತು. ನಡುವೆ ಆತ ಚಹಾ ಕುಡಿಯುತ್ತಿದ್ದ, ನಮಾಜಿಗೆ ಹೋಗಿ ಬರುತ್ತಿದ್ದ, ಹರೆಯದ ಹಮಾಲರನ್ನು ಬೈಯುತ್ತಿದ್ದ. ಎಣಿಕೆ ಮಾತ್ರ ತಪ್ಪುತ್ತಿರಲಿಲ್ಲ.

ಇಂಥ ಮನುಷ್ಯನ ಎದುರಿಗೆ ಯಂತ್ರವೊಂದನ್ನು ತಂದು ನಿಲ್ಲಿಸಿದವಳು ರೋಹಿಣಿ. ರಾಣೆಬೆನ್ನೂರಿನ ಹುಡುಗಿ, ಇಪ್ಪತ್ತಾರು ವರ್ಷ, ಮಾತು ಸ್ವಲ್ಪ ಜೋರು. ಹಾವೇರಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ತನ್ನೂರಿನಲ್ಲೇ ಬೀಜ ಪ್ಯಾಕ್ ಮಾಡುವ ಯಂತ್ರಗಳ ವರ್ಕ್‌ಶಾಪೊಂದರಲ್ಲಿ ಕೆಲಸಕ್ಕಿದ್ದಳು. ಎಲ್ಲರೂ ಹುಬ್ಬಳ್ಳಿಯಿಂದ ತಯಾರಿ ಬೋರ್ಡು ತಂದು ಕೂರಿಸುತ್ತಿದ್ದರೆ ಇವಳು ಬೋರ್ಡಿನೊಳಗಿನ ಸರ್ಕೀಟನ್ನೇ ತಾನು ಬರೆಯುತ್ತೇನೆಂದು ಹಟ ಹಿಡಿದವಳು. ಸರ್ಕೀಟನ್ನು ಬರೆಯುವುದಕ್ಕೂ ಒಂದು ಭಾಷೆಯಿದೆ. ಬರೆದದ್ದನ್ನು ಚಿಪ್‌ಗೆ ಇಳಿಸುವ ಮೊದಲು ಕಂಪ್ಯೂಟರಿನಲ್ಲೇ ಓಡಿಸಿ ತಪ್ಪು ಹುಡುಕಲು ಸಿಮ್ಯುಲೇಟರ್ ಎಂಬ ಸಾಧನವಿದೆ. ಅವಳ ಸಿಮ್ಯುಲೇಟರಿನ ಹೆಸರು ವೆರಿಲೇಟರ್. ಜಗತ್ತಿನ ನಾಲ್ಕೂ ಮೂಲೆಯ ಜನ ಸೇರಿ ಬೆಳೆಸಿದ್ದು, ಪುಕ್ಕಟೆ ಸಿಗುವಂಥದ್ದು, ಒಳಗೇನಿದೆಯೆಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದದ್ದು. ಅದರ ಮೇಲೆ ಅವಳಿಗೆ ತವರಿನಷ್ಟು ನಂಬಿಕೆ.

ಯಂತ್ರವೇನೂ ದೊಡ್ಡದಲ್ಲ. ಚೀಲಗಳು ಸಾಗುವ ಬೆಲ್ಟಿನ ಪಕ್ಕದಲ್ಲಿ ಕೆಂಪು ಬೆಳಕಿನ ಒಂದು ಕಣ್ಣು. ಚೀಲ ಬಂದು ಬೆಳಕಿಗೆ ಅಡ್ಡವಾದಾಗ ಒಂದು ತಂತಿಯ ಮೇಲೆ ಸೊನ್ನೆ ಇದ್ದದ್ದು ಒಂದಾಗುತ್ತದೆ. ಆ ಏರು ಕಂಡಾಗಲೆಲ್ಲ ಮೇಲಿನ ಹಲಗೆಯ ಕೆಂಪು ಅಂಕಿ ಒಂದೊಂದೇ ಮುಂದೆ ಹೋಗುತ್ತದೆ. ಕೂರಿಸಿದ ದಿನ ಐವತ್ತು ಚೀಲ ಓಡಿಸಿ ನೋಡಿದರು, ಐವತ್ತೂ ಸರಿಬಂತು. ರೋಹಿಣಿ ಸೀನುತ್ತ, ಮೂಗು ಒರೆಸಿಕೊಳ್ಳುತ್ತ, ಹೆಮ್ಮೆಯಿಂದ ರಾಣೆಬೆನ್ನೂರಿನ ಬಸ್ಸು ಹತ್ತಿದಳು.

ಮಾರನೆಯ ದಿನದಿಂದ ಗೋಳು ಸುರುವಾಯಿತು. ಸಂಜೆ ಯಂತ್ರದ ಮೇಲೆ ಆರುನೂರಾ ಹನ್ನೆರಡು, ಮಲ್ಲಿಕಸಾಬನ ಬಾಯಲ್ಲಿ ಆರುನೂರಾ ಹದಿಮೂರು. ಮರುದಿನ ಐನೂರಾ ತೊಂಬತ್ತು, ಐನೂರಾ ತೊಂಬತ್ತೊಂದು. ನಾಲ್ಕು ದಿನವೂ ಅಷ್ಟೇ, ಒಂದು ಚೀಲದ ಫರಕು. ಎಂಟು ಹತ್ತು ಹೆಚ್ಚುಕಡಿಮೆಯಾಗಿದ್ದರೆ ಯಂತ್ರ ಕೆಟ್ಟಿದೆ ಎನ್ನಬಹುದಿತ್ತು. ಬರೀ ಒಂದು ಅಂದರೆ ಯಾರನ್ನು ದೂರುವುದು? ವಿಜಯಮಹಾಂತೇಶ ಕೆಟ್ಟ ಮನುಷ್ಯನಲ್ಲ, ಆದರೆ ಸುಗ್ಗಿಯ ದಿನಗಳು, ಬಾಗಿಲಲ್ಲಿ ಲಾರಿಗಳ ಸಾಲು. ಇಬ್ಬರಲ್ಲಿ ಒಬ್ಬರು ಸುಳ್ಳು, ಯಾರೆಂದು ಹೇಳಿಹೋಗಿ ಎಂದು ಶುಕ್ರವಾರ ರೋಹಿಣಿಯನ್ನು ಕರೆಸಿದ.

ರೋಹಿಣಿ ಮಧ್ಯಾಹ್ನ ಬಂದು ಬೆಲ್ಟಿನ ಪಕ್ಕ ಒಂದು ತಾಸು ನಿಂತಳು. ಅಷ್ಟೂ ಹೊತ್ತು ಯಂತ್ರ ಒಂದು ಚೀಲವನ್ನೂ ಬಿಡಲಿಲ್ಲ. ಮಲ್ಲಿಕಸಾಬನೂ ಬಿಡಲಿಲ್ಲ, ಆದರೆ ಅವಳು ಆತನನ್ನು ನೋಡುತ್ತಿರಲಿಲ್ಲ. ಹಮಾಲರೆಲ್ಲ ಚೀಲ ಇಳಿಸಿ ಸುತ್ತ ನೆರೆದಿದ್ದರು. ತನ್ನ ಕೆಲಸದ ಮೇಲೆ ನಾಲ್ಕು ಜನರೆದುರು ಬಂದ ಆಪಾದನೆಯನ್ನು ತೊಳೆದುಕೊಳ್ಳುವ ಆತುರ ಅವಳಿಗೆ. ನಗುನಗುತ್ತಲೇ ಅಂದಳು:

“ಹತ್ತು ಸಾವಿರ ಚೀಲ ಕಂಪ್ಯೂಟರಿನ್ಯಾಗ ಓಡಿಸಿ ನೋಡೇನಿ ಕಾಕಾ, ಒಂದೂ ತಪ್ಪಿಲ್ಲ. ಯಂತ್ರ ತಪ್ಪಂಗಿಲ್ಲ ರೀ. ಅದಕ್ಕ ವಯಸ್ಸಾಗಂಗಿಲ್ಲ, ಮನಷ್ಯಾಗ ಆಗ್ತೈತಿ.”

ಹಮಾಲರು ನಕ್ಕರು. ಮಲ್ಲಿಕಸಾಬ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಝಾಡಿಸಿ ಮತ್ತೆ ಹೆಗಲಿಗೇ ಹಾಕಿಕೊಂಡು ಬೆಲ್ಟಿನ ಕಡೆ ನಡೆದ.

ಶನಿವಾರದಿಂದ ಪವಾಡವಾಯಿತು. ಯಂತ್ರದ ಅಂಕಿಯೂ ಮಲ್ಲಿಕಸಾಬನ ಎಣಿಕೆಯೂ ಒಂದೇ. ಸೋಮವಾರವೂ ಒಂದೇ, ಮಂಗಳವಾರವೂ ಒಂದೇ. ಫೋನಿನಲ್ಲಿ ಈ ಸುದ್ದಿ ಕೇಳಿ ರೋಹಿಣಿ ಆ ದಿನ ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಮಿರ್ಚಿ ಭಜಿ ತರಿಸಿದಳು. ಬುಧವಾರ ವಿಜಯಮಹಾಂತೇಶ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಇಬ್ಬರೂ ಒಂದೇ ಅಂಕಿ ಹೇಳುವುದಾದರೆ ಇಬ್ಬರೇಕೆ? ಮುಂದಿನ ಸೋಮವಾರದಿಂದ ಮಲ್ಲಿಕಸಾಬ ಬೆಲ್ಟಿನ ಹತ್ತಿರ ನಿಲ್ಲುವುದು ಬೇಡ, ಗೇಟಿನ ಬಳಿ ಖುರ್ಚಿ ಹಾಕಿಸಿಕೊಡುತ್ತೇನೆ, ಲಾರಿಗಳ ನಂಬರು ನೋಡಿಕೊಂಡು ಆರಾಮಾಗಿ ಕೂತಿರಲಿ ಎಂದ. ಪಗಾರ ಕಡಿಮೆ ಮಾಡುವ ಮಾತಿರಲಿಲ್ಲ. ಮಲ್ಲಿಕಸಾಬ ಆಯಿತೆಂದು ತಲೆಯಾಡಿಸಿದನಂತೆ. ಮೂವತ್ತೊಂದು ವರ್ಷ ಎಣಿಸಿದವನಿಗೆ ಖುರ್ಚಿ ಎಂದರೆ ಏನೆಂದು ವಿಜಯಮಹಾಂತೇಶನಿಗೆ ಹೊಳೆಯಲಿಲ್ಲ. ಸುದ್ದಿ ಕೇಳಿದ ರೋಹಿಣಿಗಂತೂ ಅದು ತನ್ನ ಯಂತ್ರಕ್ಕೆ ಸಿಕ್ಕ ಬಡ್ತಿಯಂತೆಯೇ ಕಂಡಿತು.

ಶುಕ್ರವಾರ ಸಂಜೆ ಮತ್ತೆ ಫೋನು ಬಂತು. ಒಳಗಿನ ತಂಪು ಕೋಣೆಯಲ್ಲಿ ಜಾಗ ಮಾಡಲು ಚೀಲ ಸರಿಸುವಾಗ ಎಣಿಸಿ ನೋಡಿದರೆ, ಕಳೆದ ಆರು ದಿನಗಳಲ್ಲಿ ಬಂದ ಚೀಲಗಳು ಯಂತ್ರದ ಮೊತ್ತಕ್ಕಿಂತ ಆರು ಹೆಚ್ಚಿದ್ದವು. ಕಡಿಮೆ ಬಿದ್ದಿದ್ದರೆ ಕಳ್ಳನನ್ನು ಹುಡುಕಬಹುದಿತ್ತು. ಹೆಚ್ಚು ಬಿದ್ದರೆ ಯಾರನ್ನು ಹುಡುಕುವುದು? ಬ್ಯಾಡಗಿಯಲ್ಲಿ ರಾತ್ರಿ ಬಂದು ಮೆಣಸಿನಕಾಯಿ ಚೀಲ ಇಟ್ಟುಹೋಗುವ ಪುಣ್ಯಾತ್ಮರನ್ನು ಯಾರೂ ಕಂಡಿಲ್ಲವೆಂದು ವಿಜಯಮಹಾಂತೇಶ ಅಂದ. ರೋಹಿಣಿಗೆ ನಗು ಬರಲಿಲ್ಲ. ಆರು ದಿನ, ಆರು ಚೀಲ. ಇಷ್ಟು ಅಚ್ಚುಕಟ್ಟಾಗಿ ತಪ್ಪುವುದು ಮನುಷ್ಯರಲ್ಲ, ಸರ್ಕೀಟುಗಳು.

ಶನಿವಾರ ಅವಳು ಮೊದಲ ಬಸ್ಸಿಗೇ ಹೊರಟಳು. ಮೋಟೆಬೆನ್ನೂರು ದಾಟುವಾಗ ಬಿಸಿಲು ಆಗತಾನೆ ಏಳುತ್ತಿತ್ತು. ಇಷ್ಟು ದಿನ ಅವಳು ಬ್ಯಾಡಗಿಗೆ ಬಂದಾಗಲೆಲ್ಲ ಬೆಲ್ಟು ಓಡುತ್ತಲೇ ಇರುತ್ತಿತ್ತು. ಬೆಳಿಗ್ಗೆ ಅದು ಶುರುವಾಗುವುದನ್ನು ಒಮ್ಮೆಯೂ ನೋಡಿರಲಿಲ್ಲ. ಇವತ್ತು ನೋಡಿದಳು.

ಕಸ ಗುಡಿಸುವ ಸಿದ್ದವ್ವ ಬಂದು ಬೆಲ್ಟಿನ ಸುತ್ತ ನೀರು ಚಿಮುಕಿಸಿದಳು. ಇಬ್ಬರು ಹಮಾಲರು ದಿನದ ಮೊದಲ ಚೀಲವನ್ನು ತಂದು, ಇನ್ನೂ ಓಡದ ಬೆಲ್ಟಿನ ಮೇಲೆ, ಸರಿಯಾಗಿ ಯಂತ್ರದ ಕಣ್ಣಿನ ಎದುರಿಗೆ ಇಟ್ಟರು. ಸಿದ್ದವ್ವ ಚೀಲಕ್ಕೆ ಅರಿಷಿಣ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದಳು. ಮಲ್ಲಿಕಸಾಬ ಟೊಪ್ಪಿಗೆ ಸರಿಮಾಡಿಕೊಂಡು ಮೆಲ್ಲಗೆ ‘ಲಾಭ’ ಅಂದ. ಆಮೇಲೆ ವಿಜಯಮಹಾಂತೇಶ ಕೈಮುಗಿದು ಗೋಡೆಯ ದೊಡ್ಡ ಸ್ವಿಚ್ಚು ಹಾಕಿದ. ಬೆಲ್ಟು ಗುಡುಗಿತು, ಯಂತ್ರದ ಕಣ್ಣು ಬೆಳಗಿತು, ಅಂಕಿಯ ಹಲಗೆಯಲ್ಲಿ ಸೊನ್ನೆ ಮೂಡಿತು. ಪೂಜೆಯ ಚೀಲ ಕಣ್ಣನ್ನು ದಾಟಿ ಮುಂದೆ ಹೋಯಿತು. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು.

ಚೀಲವನ್ನು ಅಲ್ಲೇ ಯಾಕೆ ಇಡುತ್ತೀರಿ ಎಂದು ರೋಹಿಣಿ ಕೇಳಿದಳು. ಮೊದಲೆಲ್ಲ ಬೆಲ್ಟಿನ ತುದಿಗೆ ಇಡುತ್ತಿದ್ದರಂತೆ. ಯಂತ್ರಕ್ಕೆ ಕಣ್ಣಿದೆ ಎಂದು ಗೊತ್ತಾದ ಮೇಲೆ, ಕಣ್ಣಿದ್ದದ್ದು ಬೆಳಗಾಗೆದ್ದು ಮೊದಲು ದೇವರ ಚೀಲವನ್ನೇ ನೋಡಲಿ ಎಂದು ಸಿದ್ದವ್ವ ಜಾಗ ಬದಲಿಸಿದ್ದಳು. ಸಿದ್ದವ್ವನ ತರ್ಕದಲ್ಲಿ ಯಾವ ಎಂಜಿನಿಯರೂ ತಪ್ಪು ಹುಡುಕಲಾರ.

ರೋಹಿಣಿಗೆ ಅರ್ಧ ಅರ್ಥವಾಯಿತು. ಯಂತ್ರ ಎದ್ದಾಗಲೇ ಚೀಲ ಎದುರಿಗಿದ್ದರೆ ತಂತಿಯ ಮೇಲೆ ಮೊದಲಿನಿಂದಲೂ ಒಂದೇ ಇರುತ್ತದೆ. ಸೊನ್ನೆಯಿಂದ ಒಂದಕ್ಕೆ ಏರುವ ಮಾತೇ ಇಲ್ಲ. ಏರು ಇಲ್ಲದಿದ್ದರೆ ಎಣಿಕೆಯೂ ಇಲ್ಲ. ಅವಳು ಖಾಲಿ ಗೋಣಿಗಳ ಒಟ್ಟಿಲಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದು, ಸಿಮ್ಯುಲೇಟರಿನಲ್ಲಿಯೂ ಇದೇ ಪೂಜೆ ಮಾಡಿಸಿದಳು. ಶುರುವಿನಿಂದಲೇ ಕಣ್ಣಿನೆದುರು ಒಂದು ಚೀಲ, ಆಮೇಲೆ ಯಂತ್ರಕ್ಕೆ ಜೀವ. ಉತ್ತರ ಬಂತು: ಎಣಿಕೆ ಒಂದು. ಯಂತ್ರ ಬಿಟ್ಟ ಚೀಲವನ್ನು ಸಿಮ್ಯುಲೇಟರ್ ಎಣಿಸಿತ್ತು. ಅವಳಿಗೆ ಒಂದು ಕ್ಷಣ ಯಾರನ್ನು ನಂಬಬೇಕೆಂದೇ ತಿಳಿಯಲಿಲ್ಲ.

ಆಗ ಅವಳು ಇಷ್ಟು ವರ್ಷ ಮಾಡದ ಒಂದು ಕೆಲಸ ಮಾಡಿದಳು. ಸಿಮ್ಯುಲೇಟರಿನ ಕೈಪಿಡಿ ಓದತೊಡಗಿದಳು. ಸಂತೆಗೆ ಹೋದವರು ತಮಗೆ ಬೇಕಾದ ನಾಲ್ಕು ತರಕಾರಿ ಕೊಂಡು ಮರಳುತ್ತಾರಲ್ಲ, ಅವಳೂ ಅದರ ನಾಲ್ಕೇ ನಾಲ್ಕು ಆಯ್ಕೆಗಳನ್ನು ಬಲ್ಲವಳು. ಒಳಗೆ ನೋಡಿದರೆ ನೂರಾರಿದ್ದವು. ಬರೆದ ಪ್ರತಿ ಸಾಲಿನ ಪಕ್ಕ ಅದು ಎಷ್ಟು ಸಲ ಓಡಿತೆಂದು ಅಂಕಿ ಹಾಕಿಕೊಡುವ ಆಯ್ಕೆಯಿತ್ತು. ಹಾಕಿಸಿ ನೋಡಿದಳು, ಎಣಿಸುವ ಸಾಲಿನ ಪಕ್ಕ ‘ಒಂದು’ ಎಂದೇ ಬಂತು. ಆರಂಭದಲ್ಲಿ ಬೆಲೆ ಗೊತ್ತಿಲ್ಲದ ಜಾಗಗಳಿಗೆಲ್ಲ ಮನಸ್ಸಿಗೆ ಬಂದ ಅಂಕಿ ತುಂಬಿ, ಆ ಅಂಕಿಗಳು ಹುಟ್ಟುವ ಬೇರೆ ಬೇರೆ ಬೀಜಸಂಖ್ಯೆ ಕೊಟ್ಟು ಓಡಿಸುವ ಆಯ್ಕೆಯಿತ್ತು. ಬೀಜದ ವ್ಯಾಪಾರಕ್ಕೆ ಹೆಸರಾದ ಊರಿನವಳಿಗೆ ಅದು ಹಿಡಿಸಿತು, ಇಪ್ಪತ್ತು ಬೀಜ ಬದಲಿಸಿ ನೋಡಿದಳು. ಇಪ್ಪತ್ತು ಸಲವೂ ಒಂದು.

ಕೊನೆಗೆ ತಾನು ದಿನವೂ ಟೈಪಿಸುವ ಆದೇಶದ ಸಾಲನ್ನೇ ಒಂದೊಂದು ತುಂಡು ಮಾಡಿ ನೋಡಿದಳು. ಅದರ ಬಾಲದಲ್ಲಿ ಒಂದು ಆಯ್ಕೆ ಇತ್ತು. ಐದು ವರ್ಷದಿಂದ ಇತ್ತು, ಅದೇನೆಂದು ಅವಳಿಗೆ ಗೊತ್ತಿರಲಿಲ್ಲ. ಹಾವೇರಿಯಲ್ಲಿ ಜೊತೆಗೆ ಓದಿದ ತಬಸ್ಸುಮ್ ಕೊಟ್ಟ ಸಾಲು ಅದು. ಅವಳಿಗೆ ಫೋನು ಹಚ್ಚಿದರೆ, ತನಗೂ ಗೊತ್ತಿಲ್ಲ, ಸೀನಿಯರ್ ಒಬ್ಬರು ಕೊಟ್ಟಿದ್ದರು, ಅದನ್ನು ಹಾಕಿದರೆ ಏನೋ ಒಂದು ತಂಟೆ ಬಗೆಹರಿಯುತ್ತದೆ ಎಂದಿದ್ದರು ಎಂದಳು. ಅರ್ಥ ಗೊತ್ತಿಲ್ಲದ ಮಂತ್ರ ತಲೆಮಾರಿನಿಂದ ತಲೆಮಾರಿಗೆ ಬರುವುದು ಬರೀ ಗುಡಿಯಲ್ಲಿ ಮಾತ್ರ ಎಂದುಕೊಂಡವರು ಎಂಜಿನಿಯರಿಂಗ್ ಓದಿದವರನ್ನು ನೋಡಿಲ್ಲ.

ಕೈಪಿಡಿಯಲ್ಲಿ ಆ ಆಯ್ಕೆಗೆ ಸಣ್ಣದೊಂದು ವಿವರಣೆಯಿತ್ತು. ಮೊದಲು ಏನಿತ್ತೆಂದೇ ಗೊತ್ತಿಲ್ಲದ ತಂತಿ ಮೊಟ್ಟಮೊದಲ ಸಲ ಒಂದಾಗಿ ಕಂಡರೆ ಅದನ್ನೂ ಏರು ಎಂದು ಎಣಿಸು ಎನ್ನುವುದು ಅದರ ಕೆಲಸ. ಬೇರೆ ಕೆಲವು ಸಿಮ್ಯುಲೇಟರುಗಳು ಹಾಗೆ ಮಾಡುತ್ತವೆ. ಅವುಗಳನ್ನು ಅನುಕರಿಸಬೇಕೆನ್ನುವವರಿಗಾಗಿ ಇಟ್ಟದ್ದು. ತಾನಾಗಿ ವೆರಿಲೇಟರ್ ಹಾಗೆ ಎಣಿಸುವುದಿಲ್ಲ. ಇದನ್ನು ನಂಬಿ ಸರ್ಕೀಟು ಬರೆಯುವುದು ಒಳ್ಳೆಯ ರೂಢಿಯಲ್ಲ ಎಂಬ ಬುದ್ಧಿಮಾತನ್ನೂ ಬರೆದವರು ಅಲ್ಲೇ ಸೇರಿಸಿದ್ದರು. ಐದು ವರ್ಷದಿಂದ ಅದು ಅಲ್ಲಿಯೇ ಇತ್ತು, ಓದುವವರು ಬೇಕಿತ್ತು ಅಷ್ಟೇ. ರೋಹಿಣಿ ಸಾಲಿನ ಬಾಲ ಕತ್ತರಿಸಿ ಮತ್ತೆ ಓಡಿಸಿದಳು. ಎಣಿಕೆ ಸೊನ್ನೆ. ಈಗ ಸಿಮ್ಯುಲೇಟರೂ ಯಂತ್ರವೂ ಒಂದೇ ಮಾತು ಹೇಳಿದವು.

ತಪ್ಪು ಸಿಕ್ಕಿತೆಂಬ ಸಂತೋಷ ಅವಳಿಗೆ ಎರಡು ನಿಮಿಷವಿತ್ತು. ಯಂತ್ರ ಏಳುವಾಗಲೇ ಕಣ್ಣಿಗೆ ಅಡ್ಡವಿದ್ದರೆ ಒಂದರಿಂದ ಶುರುಮಾಡು ಎಂದು ಒಂದು ಸಾಲು ಬರೆದರೆ ಮುಗಿಯಿತು, ಹತ್ತು ನಿಮಿಷದ ಕೆಲಸ. ಬರೆಯಲು ಬೆರಳಿಟ್ಟವಳು ಹಾಗೆಯೇ ಕೂತುಬಿಟ್ಟಳು. ಯಂತ್ರ ದಿನಾ ಒಂದು ಚೀಲ ಬಿಡುತ್ತಿತ್ತು, ಸರಿ. ಹಾಗಾದರೆ ಈ ಆರು ದಿನ ಮಲ್ಲಿಕಸಾಬನ ಎಣಿಕೆ ಯಂತ್ರಕ್ಕೆ ಹೇಗೆ ಸರಿಹೋಯಿತು? ಯಂತ್ರ ಬಿಟ್ಟದ್ದು ಮೊದಲ ಚೀಲವನ್ನು. ಆ ಚೀಲಕ್ಕೆ ‘ಲಾಭ’ ಎಂದವನು ಸ್ವತಃ ಮಲ್ಲಿಕಸಾಬ. ಇವತ್ತು ಬೆಳಿಗ್ಗೆ ಅವಳೇ ಕಿವಿಯಾರೆ ಕೇಳಿದ್ದಳು. ತಾನೇ ಬಾಯಿಬಿಟ್ಟು ಎಣಿಸಿದ್ದನ್ನು ಆತ ಬಿಡುವುದು ಸಾಧ್ಯವಿಲ್ಲ.

ಇನ್ನೊಂದು ಸಂಗತಿಯೂ ಈಗ ಅವಳ ಗಮನಕ್ಕೆ ಬಂತು. ಬೆಲ್ಟು ಓಡುತ್ತಿತ್ತು, ಹಮಾಲರು ಚೀಲ ಹಾಕುತ್ತಿದ್ದರು, ಆದರೆ ಎಣಿಕೆಯ ಕೂಗು ಇರಲಿಲ್ಲ. ಮಲ್ಲಿಕಸಾಬ ಕಂಬಕ್ಕೆ ಒರಗಿ ತುಟಿ ಮಾತ್ರ ಅಲ್ಲಾಡಿಸುತ್ತಿದ್ದ. ಸಿದ್ದವ್ವನನ್ನು ಕೇಳಿದರೆ, ಹೋದ ಶನಿವಾರದಿಂದ ಹಿಂಗೇ, ಲಾಭ ಅಂದವನು ಆಮೇಲೆ ಬಾಯಿ ಬಿಡುವುದಿಲ್ಲ, ಸಂಜೆ ಒಮ್ಮೆ ಹಲಗೆಯ ಕಡೆ ನೋಡಿ ಮೊತ್ತ ಹೇಳುತ್ತಾನೆ ಎಂದಳು. ರೋಹಿಣಿಗೆ ಅದರ ಹಿಂದಿನ ಶುಕ್ರವಾರ ತಾನಾಡಿದ ಮಾತು ನೆನಪಾಯಿತು. ಹೀಗೆ ನಾಚಿಕೆಯಾದದ್ದು ಅವಳಿಗೆ ಹಿಂದೆ ಎಂದೂ ನೆನಪಿಲ್ಲ.

ಊಟದ ಹೊತ್ತಿಗೆ ಬೆಲ್ಟು ನಿಂತಿತು. ಬುತ್ತಿ ಬಿಚ್ಚಿ ಕೂತ ಹಮಾಲರ ನಡುವೆ ಮಲ್ಲಿಕಸಾಬನೂ ಇದ್ದ, ವಿಜಯಮಹಾಂತೇಶ ಆಫೀಸಿನ ಬಾಗಿಲಲ್ಲಿದ್ದ. ಅಂದು ಯಾರೆದುರು ನಕ್ಕಿದ್ದಳೋ ಅವರೆದುರೇ ಹೇಳಬೇಕೆಂದು ರೋಹಿಣಿ ನಿರ್ಧರಿಸಿದ್ದಳು. ಹೋಗಿ ನಿಂತಳು. ಆಫೀಸಿನ ಬಾಗಿಲ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಅಂದಳು:

“ಸಾವ್ಕಾರ್ರ, ಕಾಕಾಂದು ತಪ್ಪಿಲ್ಲ. ತಪ್ಪ ನಂದೈತಿ. ಮೊದಲಿಂದ ಅವರ ಎಣಿಕೀನ ಖರೇ ಇತ್ತು.”

ಪೂಜೆಯ ಚೀಲದ ಕಥೆಯನ್ನೂ, ಓದದೆ ಬಳಸಿದ ಸಾಲಿನ ಕಥೆಯನ್ನೂ ಅವಳು ಬಿಡಿಸಿ ಹೇಳಿದಳು. ಹಮಾಲರಿಗೆ ಸಿಮ್ಯುಲೇಟರ್ ಅರ್ಥವಾಗದಿದ್ದರೂ ಪೂಜೆಯ ಚೀಲ ಚೆನ್ನಾಗಿ ಅರ್ಥವಾಯಿತು. ಸಿದ್ದವ್ವ ತನ್ನಿಂದಲೇ ಆಯಿತೇನೋ ಎಂದು ಗಾಬರಿಯಾದಾಗ ರೋಹಿಣಿ ಅವಳ ಕೈಹಿಡಿದು ಇಲ್ಲವೆಂದಳು. ವಿಜಯಮಹಾಂತೇಶ ಗಲ್ಲ ಕೆರೆದುಕೊಂಡ. ಹೆಚ್ಚು ಬಂದ ಆರು ಚೀಲದ ಲೆಕ್ಕ ಹರಿಯಿತು, ಖುರ್ಚಿಯ ಮಾತು ಇಲ್ಲಿಗೆ ಬಿಟ್ಟೆ, ಸೋಮವಾರ ಮಲ್ಲಿಕಸಾಬ ಬೆಲ್ಟಿನ ಹತ್ತಿರವೇ ನಿಲ್ಲಬೇಕು, ಅದೂ ಕೂಗಿ ಎಣಿಸಬೇಕು ಎಂದ. ಮಲ್ಲಿಕಸಾಬ ರೊಟ್ಟಿ ಮುರಿಯುತ್ತಿದ್ದ ಕೈಯನ್ನು ಹಾಗೆಯೇ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡ.

ರೋಹಿಣಿ ಅವನೆದುರು ನೆಲದ ಮೇಲೆ ಕೂತಳು. “ನಿಮಗ ಗೊತ್ತಿತ್ತಲ್ಲ ಕಾಕಾ. ಮತ್ತ ಯಾಕ ದಿನಾ ಒಂದ ಕಮ್ಮಿ ಹೇಳಿದ್ರಿ?”

ಮಲ್ಲಿಕಸಾಬ ರೊಟ್ಟಿಯನ್ನು ಬುತ್ತಿಯೊಳಗಿಟ್ಟ.

“ನಮ್ಮಣ್ಣ ಒಬ್ಬಾಂವ ಇದ್ದ ಮೇಡಮ್ಮಾರ. ಕಡೀಕ ಹಡದ ಮಕ್ಕಳ ಹೆಸರ ಮರತಿದ್ದ. ಅಂವಗೂ ಮೊದಲ ಲೆಕ್ಕದಾಗ ಒಂದ, ಎರಡ ತಪ್ಪಾಕ ಚಾಲೂ ಆಗಿತ್ತು. ನೀವು ಯಂತ್ರ ತಪ್ಪಂಗಿಲ್ಲ ಅಂದ್ರಲ್ಲ, ಅವತ್ತ ನನಗ ಖಾತ್ರಿ ಆತು, ನನ್ನ ಪಾಳಿ ಬಂತು ಅಂತ. ನಾಕ ಮಂದ್ಯಾಗ ತಿಳೀಬಾರದು ಅಂತ ಯಂತ್ರದ್ದ ಹೇಳಾಕತ್ತಿದ್ದೆ.”

ಹೇಳಿ ಮುಗಿಸಿ ಆತ ಅಂಗಿಯ ಜೇಬಿನಿಂದ ಸಣ್ಣ ಫೋನು ತೆಗೆದು ಮನೆಗೆ ಹಚ್ಚಿದ. ಹೆಂಡತಿ ಖತೀಜಾಬಿಯ ಹತ್ತಿರ ಆತ ಮಾತಾಡುವುದು ಉರ್ದುವಿನಲ್ಲಿ. ಓಣಿಯ ಉರ್ದು ಮಾತಿನ ಮಕ್ಕಳೊಂದಿಗೆ ಕೂಡಿ ಆಡಿ ಬೆಳೆದ ರೋಹಿಣಿಗೆ ಅದು ತಿಳಿಯುತ್ತಿತ್ತು. ನನಗೇನೂ ಆಗಿಲ್ಲವಂತೆ, ತಪ್ಪು ಯಂತ್ರದ್ದಂತೆ, ಮೇಡಮ್ಮಾರೇ ಬಂದು ಹೇಳಿದರು ಎಂದ.  ಆ ಕಡೆಯಿಂದ ಕೇಳಿಸಿದ್ದು ಮಾತಲ್ಲ. ಮಲ್ಲಿಕಸಾಬ ಫೋನನ್ನು ಕಿವಿಗೆ ಒತ್ತಿ ಹಿಡಿದು ಗೋಡೆಯ ಕಡೆ ಮುಖ ತಿರುವಿದ. ಅಳಬೇಡ ಎಂದು ಎರಡು ಸಲ ಹೇಳಿದ. ಇವತ್ತು ಸಂಜೆ ಚಹಾ ಕೊಡುವಾಗ ದಿನದ ಹಾಗೆ ಹನ್ನೊಂದು ಮೊಮ್ಮಕ್ಕಳ ಹೆಸರು ಸಾಲಾಗಿ ಹೇಳಿಸಬೇಡ, ಬರೀ ಚಹಾ ಕೊಡು ಎಂದ.